ಭೂಪಟವೂ ಕಾಲುಸಂಕವೂ

ದೂರವೆಂಬುದು ಬರಿಯ ಅಳತೆಯ ಮಾತೆಂದು ನಾವು ಭಾವಿಸುತ್ತೇವೆ. ಮಲೆನಾಡಿನಲ್ಲಿ ಅದು ಬದುಕಿನ ಮಾತೂ ಹೌದು. ಸಮಾಜವನ್ನು ಅಭ್ಯಾಸ ಮಾಡಹೊರಟ ನಮ್ಮ ವಿದ್ಯಾರ್ಥಿಗಳು ಜನಸಂಖ್ಯೆ, ವರಮಾನ, ಅಕ್ಷರಜ್ಞಾನಗಳ ಕೋಷ್ಟಕಗಳನ್ನು ಶ್ರದ್ಧೆಯಿಂದ ತುಂಬುತ್ತಾರೆ. ಆ ಜನ ಎಲ್ಲಿದ್ದಾರೆ, ಯಾವುದರಿಂದ ಎಷ್ಟು ದೂರದಲ್ಲಿದ್ದಾರೆ ಎಂದು ಕೇಳುವವರು ವಿರಳ.

ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ಹಾದಿಯ ಕಾನಸೂರಿನ ಸೀಮೆಯನ್ನೇ ನೋಡಿ. ಬಯಲುಸೀಮೆಯ ಹಳ್ಳಿಗಳಂತೆ ಇಲ್ಲಿ ಮನೆಗಳು ಒತ್ತಾಗಿ ಕೂಡಿಕೊಂಡಿಲ್ಲ. ಕಣಿವೆಯಲ್ಲಿ ಅಡಕೆತೋಟ, ಅದರ ಅಂಚಿನಲ್ಲಿ ಮನೆ, ಮೇಲೆ ಸೊಪ್ಪಿನಬೆಟ್ಟ, ಆಚೆಗೆ ಕಾಡು, ನಡುನಡುವೆ ಹಳ್ಳ. ಬೇಸಗೆಯಲ್ಲಿ ಹಳ್ಳಕ್ಕಿಳಿದು ಹತ್ತಿದರೆ ಸಿಕ್ಕುವ ಮನೆ, ಕಾಲುಸಂಕವಿಲ್ಲದಿದ್ದರೆ ಆಷಾಢದಲ್ಲಿ ಸುತ್ತುಹಾದಿಯ ಮನೆಯಾಗುತ್ತದೆ. ನೆಲ ಬದಲಾಗಲಿಲ್ಲ; ದೂರ ಬದಲಾಯಿತು.

1:50,000 ಪ್ರಮಾಣದ ಭೂಪಟದಲ್ಲಿ 1 ಸೆಂಟಿಮೀಟರೆಂದರೆ ನೆಲದ ಮೇಲೆ 500 ಮೀಟರು. ಮರದ ದಿಮ್ಮಿ ಜೋಡಿಸಿ ಕಟ್ಟಿದ ಸಂಕಕ್ಕೆ ಅಲ್ಲಿ ಎಡೆಯೆಲ್ಲಿ? ಶಿಕ್ಷಣ ಹಕ್ಕು ಕಾಯಿದೆಯ ಮೇರೆಗೆ ಕೇಂದ್ರ ಸರಕಾರ 2010ರಲ್ಲಿ ಮಾಡಿದ ನಿಯಮಗಳು, 1ರಿಂದ 5ನೆಯ ತರಗತಿಯ ಮಕ್ಕಳಿಗೆ 1 ಕಿಲೋಮೀಟರಿನ ನಡಿಗೆಯ ದೂರದಲ್ಲಿ ಶಾಲೆಯಿರಬೇಕೆನ್ನುತ್ತವೆ. ನಿಯಮದ ಮಾತು ನಡಿಗೆ. ಸಂಶೋಧಕನ ಗಣಕಯಂತ್ರ ಎಳೆಯುವುದು ವೃತ್ತ. ಹಳ್ಳದಾಚೆಯ ಮನೆ ಆ ವೃತ್ತದೊಳಗೆ ಬಿದ್ದರೆ, ಮಳೆಗಾಲದಲ್ಲಿ ಮನೆಯಲ್ಲಿಯೇ ಉಳಿದ ಮಗು ವರದಿಯಲ್ಲಿ ‘ಶಾಲೆ ಹತ್ತಿರವಿದ್ದೂ ಬಾರದ’ ಮಗುವಾಗುತ್ತದೆ. ಸಂಕವಿಲ್ಲದ ತಪ್ಪು ತಾಯಿತಂದೆಗಳ ಅಸಡ್ಡೆಯೆಂದು ಬರೆಯಲ್ಪಡುತ್ತದೆ. ಇದು ಸಣ್ಣ ಅನ್ಯಾಯವಲ್ಲ.

ಈ ವಿವೇಕ ಹೊಸದೇನೂ ಅಲ್ಲ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಸುತ್ತ ಕಾಲರಾ ಹಬ್ಬಿದಾಗ, ವೈದ್ಯ ಜಾನ್ ಸ್ನೋ ಸತ್ತವರ ಮನೆಗಳನ್ನು ಭೂಪಟದಲ್ಲಿ ಗುರುತಿಸಿದುದು ಪ್ರಸಿದ್ಧವಾಗಿದೆ. ಆದರೆ ಅನಂತರದ ಪಟದಲ್ಲಿ ಆತ ಮಾಡಿದ ಇನ್ನೊಂದು ಕೆಲಸ ಅಷ್ಟು ಪ್ರಸಿದ್ಧವಲ್ಲ: ಆ ಬೀದಿಯ ನೀರಿನ ಪಂಪು ಯಾವ ಮನೆಗಳಿಗೆ ಉಳಿದ ಪಂಪುಗಳಿಗಿಂತ ಹತ್ತಿರವೆಂಬುದನ್ನು ಬೀದಿಗಳಲ್ಲಿ ನಡೆಯುವ ದಾರಿಯಿಂದಲೇ ಅಳೆದು ಗೆರೆ ಎಳೆದನು. ನೀರು ತರುವವರು ಹಕ್ಕಿಗಳಲ್ಲವಷ್ಟೆ!

ಉಪಗ್ರಹದ ಚಿತ್ರ, ಜೇಬಿನ ಫೋನಿನಲ್ಲಿ ತೆರೆಯುವ ನಕ್ಷೆ, ಇವೆಲ್ಲ ಇಂದು ವಿದ್ಯಾರ್ಥಿಯ ಕೈಗೆ ಬಂದಿವೆ; ಬರಲಿ, ಬೇಕು. ಆದರೆ ಅವುಗಳ ಮೇಲೆ ಊರವರಿಂದ ಕೇಳಿ ಬರೆಯಬೇಕಾದುದು ಬಹಳವಿದೆ: ಸಂಕಗಳು, ಕಾಲುದಾರಿಗಳು, ಮಳೆಗಾಲದ ಸುತ್ತುಗಳು. ಬೇಸಗೆಗೊಂದು, ಮಳೆಗಾಲಕ್ಕೊಂದು ಪಟ ಬರೆಯಲಿ. ಆ ಎರಡರ ನಡುವಣ ವ್ಯತ್ಯಾಸದಲ್ಲಿಯೇ ಮಲೆನಾಡಿನ ಸಮಾಜದ ಅರ್ಧ ಕಥೆಯಿದೆಯೆಂದು ನನ್ನ ನಂಬುಗೆ.