ದೆವ್ವಕ್ಕಿಂತ ಭೀಕರವಾದ ವಾತ್ಸಲ್ಯ

ಭಯಾನಕ ಕಥೆಯೆಂದರೆ ಪಾಳುಬಂಗಲೆ, ನಡುರಾತ್ರಿ, ಹುಣಿಸೆಮರದ ಮೋಹಿನಿ ಎಂದೇ ಭಾವಿಸುವ ವಾಚಕರಿಗೆ, 2023ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಕ್ಯಾಂಪ್ ಡಮಾಸ್ಕಸ್' ಕಾದಂಬರಿ ಬೇರೊಂದು ಬಗೆಯ ಭೀತಿಯನ್ನು ಪರಿಚಯಿಸುತ್ತದೆ. ಇಲ್ಲಿಯ ಭೂತ ವಾಸಿಸುವುದು ದೈವಭಕ್ತರಾದ ಸದ್ಗೃಹಸ್ಥರ ನೆರಳಿನಲ್ಲಿ. ಗ್ರಂಥಕರ್ತರ ಹೆಸರು ಚಕ್ ಟಿಂಗಲ್. ಇದು ಕಾವ್ಯನಾಮ, ಸಭೆಗಳಲ್ಲಿಯೂ ಅವರು ಮುಖ ಕಾಣದಂತೆ ತಲೆಗೆ ಗುಲಾಬಿ ಬಣ್ಣದ ಚೀಲ ಧರಿಸಿ ಬರುವುದು ವಾಡಿಕೆ.

ಮೊಂಟಾನಾ ಸಂಸ್ಥಾನದ ನೆವರ್‌ಟನ್ ಎಂಬ ಕಲ್ಪಿತ ಊರು ಕಥೆಯ ರಂಗಸ್ಥಳ. ಕಥಾನಾಯಿಕೆ ರೋಸ್ ಡಾರ್ಲಿಂಗ್ 20 ವರ್ಷದ ವಿಧೇಯ ಪುತ್ರಿ. ಆಕೆಯ ಹಿರಿಯರ ಕಟ್ಟಾ ಕ್ರೈಸ್ತ ಪಂಥಕ್ಕೆ ಸೇರಿದ ಶಿಬಿರವೇ ಕ್ಯಾಂಪ್ ಡಮಾಸ್ಕಸ್. ದಮಸ್ಕದ ದಾರಿಯಲ್ಲಿ ಸೌಲನು ಮನಸ್ಸು ಮಾರ್ಪಟ್ಟು ಪೌಲನಾದನೆಂಬ ಬೈಬಲ್ ಪ್ರಸಂಗವನ್ನು ಆ ಹೆಸರು ನೆನಪಿಗೆ ತರುತ್ತದೆ. ಸಲಿಂಗಾನುರಾಗವುಳ್ಳ ತರುಣ ತರುಣಿಯರನ್ನು 'ಸರಿಪಡಿಸುವುದು' ಶಿಬಿರದ ಉದ್ದೇಶ. ನೂರಕ್ಕೆ ನೂರು ಗುಣವೆಂಬುದು ಅದರ ಹೆಮ್ಮೆ.

ಹೀಗಿರಲು ಒಂದು ದಿನ ರೋಸಳ ಬಾಯಿಂದ ನೊಣದಂತಹ ಕೀಟಗಳು ಹೊರಬೀಳುತ್ತವೆ. ಹೆತ್ತವರು ಆ ಮಾತನ್ನು ಬೆಳೆಯಗೊಡುವುದಿಲ್ಲ. ಅಂಗಡಿಯ ಗುಮಾಸ್ತೆಯಂತೆ ಕೆಂಪು ಅಂಗಿ ತೊಟ್ಟು, ಎದೆಯ ಮೇಲೆ ಹೆಸರಿನ ಬಿಲ್ಲೆ ಧರಿಸಿದ ಭೂತವೊಂದು ಆಕೆಯನ್ನು ಹಿಂಬಾಲಿಸುತ್ತದೆ. ತಾನೂ ಆ ಶಿಬಿರಕ್ಕೆ ಹೋಗಿಬಂದವಳೇ, ತಾನು ಪ್ರೀತಿಸಿದ ಹುಡುಗಿಯ ನೆನಪನ್ನೇ ತನ್ನಿಂದ ಅಳಿಸಲಾಗಿದೆ ಎಂಬುದು ರೋಸಳಿಗೆ ಕ್ರಮೇಣ ತಿಳಿಯುತ್ತದೆ. ಶಿಬಿರದಿಂದ ಮರಳಿದವರಿಗೆ ಒಂದೊಂದು ಭೂತ ಗಂಟುಬಿದ್ದಿರುತ್ತದೆ. ಹೃದಯದಲ್ಲಿ ಹಳೆಯ ಅನುರಾಗ ಮಿಡಿದೊಡನೆ ಅದು ಪ್ರತ್ಯಕ್ಷವಾಗುತ್ತದೆ. ಅಲ್ಲಿಯ ಚಿಕಿತ್ಸೆಯ ಮರ್ಮವಿಷ್ಟೆ: ಪ್ರೀತಿ ಹುಟ್ಟುವಲ್ಲಿ ಭಯವನ್ನು ಕಾವಲಿಡುವುದು.

ಭೂತ ಕಲ್ಪನೆಯದಾದರೂ ಶಿಬಿರ ಕಲ್ಪನೆಯದಲ್ಲ. ಕಳೆದ ಶತಮಾನದ ಮಧ್ಯಭಾಗದಲ್ಲಿ ಪಾಶ್ಚಾತ್ಯ ದೇಶಗಳ ಕೆಲವು ವೈದ್ಯರು ವಿದ್ಯುದಾಘಾತದಿಂದಲೂ ವಾಂತಿ ಬರಿಸುವ ಔಷಧಗಳಿಂದಲೂ ಈ ಅನುರಾಗವನ್ನು ಅಳಿಸಲೆತ್ನಿಸಿದ್ದರು. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿಯೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು; 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಮಾಡಿತು. ವೈದ್ಯಶಾಸ್ತ್ರ ಕೈಬಿಟ್ಟುದನ್ನು ಮತಾಂಧತೆ ಕೈಬಿಡಲಿಲ್ಲ. 1976ರಲ್ಲಿ ಹುಟ್ಟಿದ 'ಎಕ್ಸೋಡಸ್ ಇಂಟರ್‌ನ್ಯಾಷನಲ್' ಎಂಬ ಕ್ರೈಸ್ತ ಸಂಸ್ಥೆ ಪ್ರಾರ್ಥನೆ ಮತ್ತು ಉಪದೇಶಗಳಿಂದ ಪರಿವರ್ತನೆ ಸಾಧ್ಯವೆಂದು ಸಾರುತ್ತ ಬಂದಿತು. ಆದರೆ ಅದರ ಅಧ್ಯಕ್ಷ ಅಲನ್ ಚೇಂಬರ್ಸ್, ತಾವು ಕಂಡವರಲ್ಲಿ ಶೇಕಡಾ 99.9 ಮಂದಿ ಬದಲಾಗಿಲ್ಲವೆಂದು 2012ರಲ್ಲಿ ಒಪ್ಪಿಕೊಂಡರು. ಮರುವರ್ಷ ಕ್ಷಮೆ ಯಾಚಿಸಿ ಸಂಸ್ಥೆಯನ್ನು ಮುಚ್ಚಿದರು. ಕಾದಂಬರಿಯ ಶಿಬಿರದ ನೂರಕ್ಕೆ ನೂರು ಎಂಬ ಹೆಮ್ಮೆಯ ಎದುರಿಗೆ ಈ ಅಂಕಿಯನ್ನು ಇಟ್ಟು ನೋಡಬೇಕು!

ಗ್ಯಾರರ್ಡ್ ಕಾನ್ಲಿ ಎಂಬ ಲೇಖಕರು ವಿದ್ಯಾರ್ಥಿಯಾಗಿದ್ದಾಗ, 2004ರಲ್ಲಿ, ಹೆತ್ತವರೇ ಅವರನ್ನು ಮೆಂಫಿಸ್ ನಗರದ ಇಂತಹ ಕೇಂದ್ರಕ್ಕೆ ಸೇರಿಸಿದ್ದರು. ಅವರು 2016ರಲ್ಲಿ ಬರೆದ ಆತ್ಮಕಥನ 'ಬಾಯ್ ಇರೇಸ್ಡ್' 2018ರಲ್ಲಿ ಚಲನಚಿತ್ರವಾಯಿತು. ಭೂತವೊಂದೂ ಇಲ್ಲದ ಆ ಪುಸ್ತಕವನ್ನು ಓದಿದವರಿಗೂ ಎದೆ ನಡುಗುತ್ತದೆ.

ಈ ಮಾತು ನಮ್ಮ ದೇಶಕ್ಕೂ ದೂರದ್ದಲ್ಲ. ಪೋಷಕರ ವಿರೋಧಕ್ಕೆ ಅಂಜಿ ಮದುರೆಯಿಂದ ಚೆನ್ನೈಗೆ ಬಂದ ಇಬ್ಬರು ಯುವತಿಯರ ಮೊಕದ್ದಮೆಯನ್ನು ಮದರಾಸು ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ 2021ರಲ್ಲಿ ವಿಚಾರಿಸಿದರು. ವಿಷಯವನ್ನು ಅರಿಯಲು ಅವರು ಸ್ವತಃ ಮನಶ್ಶಾಸ್ತ್ರಜ್ಞರ ಬಳಿ ಕುಳಿತು ಪಾಠ ಹೇಳಿಸಿಕೊಂಡರು! ಅನಂತರ, ಇಂತಹ 'ಚಿಕಿತ್ಸೆ' ನೀಡುವವರ ಮೇಲೆ ಕ್ರಮ ಜರುಗಿಸಬೇಕೆಂದು ಆದೇಶಿಸಿದರು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು ವೃತ್ತಿ ದುರ್ನಡತೆಯೆಂದು ಸಾರಿತು.

ರೋಸಳ ಹೆತ್ತವರು ಕಟುಕರಲ್ಲ. ಮಗಳು ಉದ್ಧಾರವಾಗಲೆಂದೇ ಅವರು ಆಕೆಯನ್ನು ಶಿಬಿರಕ್ಕೆ ಒಪ್ಪಿಸಿದ್ದು. ಮಂತ್ರಕ್ಕೋ ತಾಯಿತಕ್ಕೋ ಅಂಜಿ ಓಡುವ ದೆವ್ವಗಳ ಕಥೆ ಎಲ್ಲರಿಗೂ ಗೊತ್ತು; ಮಗುವಿನ ಹಿತವೇ ತನ್ನ ಗುರಿಯೆಂದು ದೃಢವಾಗಿ ನಂಬಿದ ಭೂತವನ್ನು ಬಿಡಿಸುವ ಮಂತ್ರ ಮಾತ್ರ ಯಾವ ಮಾಂತ್ರಿಕನಲ್ಲಿಯೂ ಇಲ್ಲ. ಮಗಳ ಮಾತಿಗೆ ಕಿವಿಗೊಡುವ ತಂದೆತಾಯಿಗಳಿಂದ ಮಾತ್ರ ಅದು ಸಾಧ್ಯ.