ಹಂಪ್ ಮೇಲೆ ಕಾರು ಕಿರ್ ಅಂತಿದ್ಯಾ? ಸ್ಪ್ರೇ ಹೊಡೆಯೋ ಮುಂಚೆ ನೋಡಿ

ಪುಣೆಯ ಮಳೆಗಾಲ ಮುಗೀತಿದ್ದ ಹಾಗೆ ನನ್ನ ಕಾರು ಪ್ರತಿ ಸ್ಪೀಡ್ ಬ್ರೇಕರ್‌ಗೂ ಹಳೇ ಬಾಗಿಲಿನ ಥರ ಕಿರ್ ಅನ್ನೋಕೆ ಶುರುವಾಯ್ತು. ಮನೇಲಿದ್ದ ತುಕ್ಕು ಬಿಡಿಸೋ ಸ್ಪ್ರೇ ಹೊಡೆದೆ. ಎರಡು ದಿನ ಸುಮ್ಮನಿತ್ತು, ಮತ್ತೆ ಅದೇ ರಾಗ.

ತಪ್ಪು ನನ್ನದೇ. ಸದ್ದು ಬರ್ತಿದ್ದದ್ದು ಸ್ಟೆಬಿಲೈಸರ್ ಬಾರ್‌ನ ರಬ್ಬರ್ ಬುಷ್‌ನಿಂದ. ಆ ಸ್ಪ್ರೇಯಲ್ಲಿರೋ ಪೆಟ್ರೋಲಿಯಂ ಎಣ್ಣೆ ಹೀರಿದ್ರೆ ನೈಸರ್ಗಿಕ ರಬ್ಬರ್ ಉಬ್ಬಿ ಮೆತ್ತಗಾಗುತ್ತೆ. ಇಲ್ಲಿಗೆ ಸಿಲಿಕೋನ್ ಸ್ಪ್ರೇನೇ ಸರಿ. ಒಂದು ಬುಷ್‌ಗೆ ಹೊಡೀರಿ, ಕಾರಿನ ಆ ಮೂಲೆ ಒತ್ತಿ ಕುಲುಕಿಸಿ, ಆಮೇಲೆ ಇನ್ನೊಂದು. ಎಲ್ಲಿ ಸದ್ದು ನಿಲ್ಲುತ್ತೋ ಅದೇ ಕಳ್ಳ. ಬ್ರೇಕ್ ಡಿಸ್ಕ್ ಮೇಲೆ ಮಾತ್ರ ಒಂದು ಹನಿಯೂ ಬೀಳಬಾರದು.

ಕಿರ್ ಬದಲು ಟಕ್ ಟಕ್ ಅಂದ್ರೆ? ಬಾಲ್ ಜಾಯಿಂಟ್ ಸವೆದಿರಬಹುದು. ಅದು ಕಳಚಿದ್ರೆ ಚಕ್ರವೇ ವಾಲಿಬಿಡುತ್ತೆ. ಸ್ಪ್ರೇ ಪಕ್ಕಕ್ಕಿಟ್ಟು, ದೀಪಾವಳಿಗೆ ಊರಿಗೆ ಹೊರಡೋ ಮುಂಚೆ ಗ್ಯಾರೇಜಲ್ಲಿ ಲಿಫ್ಟ್ ಮೇಲೆ ಹಾಕಿಸಿ.