ಮಿಸ್ತ್ರಿಯ ಹತಿಯಾರಗಳು: ಕೊಳ್ಳುವ ಮತ್ತು ಕಾಪಾಡುವ ಬಗೆ

ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ಉದ್ಯೋಗವನ್ನಾರಂಭಿಸಿ, 1910ರಲ್ಲಿ ಕಿರ್ಲೋಸ್ಕರವಾಡಿಯಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿ, ಒಕ್ಕಲಿಗರಿಗೆ ಕಬ್ಬಿಣದ ನೇಗಿಲನ್ನು ಒದಗಿಸಿದರು. ಇಂಥ ಯಂತ್ರೋಪಕರಣಗಳು ಬಂದಂತೆಲ್ಲ ಬಡಿಗ ಕಮ್ಮಾರರ ಜೊತೆಗೆ ಪಾನಾ ಹಿಡಿದ ಮಿಸ್ತ್ರಿಯೂ ಒಕ್ಕಲುತನಕ್ಕೆ ಬೇಕಾದವನಾದನು. ಘಟಪ್ರಭೆಯ ದಂಡೆಯ ನಮ್ಮ ಮುಧೋಳ ಸೀಮೆಯಲ್ಲಿ ಕಬ್ಬು ಪಂಪಿನ ನೀರನ್ನು ನಂಬಿರುವುದರಿಂದ, ಮಿಸ್ತ್ರಿಯ ಪೆಟ್ಟಿಗೆಯ ಸುಸ್ಥಿತಿಯು ಜಮೀನುದಾರರ ಹಿತಕ್ಕೂ ಸಂಬಂಧಿಸಿದ್ದಾಗಿದೆ.

ನಾನು ಕಣ್ಣಾರೆ ಕಂಡ ಸಂಗತಿಯೊಂದುಂಟು. ಒಂದು ಬೇಸಗೆಯಲ್ಲಿ ಪಂಪು ಕೆಟ್ಟಿತು. ಅದರ ನಟ್ಟಿಗೆ ತಕ್ಕ ಪಾನಾ ಮಿಸ್ತ್ರಿಯಲ್ಲಿರಲಿಲ್ಲ. ಬೇರೊಂದರಿಂದ ತಿರುಗಿಸಲು ನಟ್ಟಿನ ಮೂಲೆಗಳು ಸವೆದು, ಅದನ್ನು ಕಡಿದು ತೆಗೆಯಬೇಕಾಯಿತು. ನಾಲ್ಕು ದಿನ ನೀರಿಲ್ಲದೆ ಕಬ್ಬು ಬಾಡಿತು. ಎರವಲು ಹೋಗಿದ್ದ ಆ ಪಾನಾ ಬಳಿಕ ಹೊಲದ ಒಡೆಯರ ಅಟ್ಟದ ಮೇಲೆಯೇ ತುಕ್ಕು ಹಿಡಿದು ದೊರೆಯಿತು!

ಕೊಳ್ಳುವಾಗ ಅಗ್ಗದ ದೊಡ್ಡ ಸೆಟ್ಟಿಗಿಂತ ನಿತ್ಯ ಬೇಕಾಗುವ ಕೆಲವೇ ಉತ್ತಮ ಪಾನಾಗಳನ್ನು ಕೊಳ್ಳುವುದು ಲೇಸು. ಕಾಯಿಸಿ ಬಡಿದು ಹದಗೊಳಿಸಿದ ಉಕ್ಕಿನ ಪಾನಾ ಬಹುಕಾಲ ಬಾಳುತ್ತದೆ. ಕೀಳು ಲೋಹದ್ದು ಬೇಗನೆ ಬಾಯಿ ಅಗಲಿಸುತ್ತದೆ. ಹಳೆಯ ಇಂಜಿನ್ನುಗಳಲ್ಲಿ ಅಂಗುಲದ ಅಳತೆಯೂ ಹೊಸ ಯಂತ್ರಗಳಲ್ಲಿ ಮಿಲಿಮೀಟರಿನ ಅಳತೆಯೂ ಸಾಮಾನ್ಯ. ಅರ್ಧ ಅಂಗುಲವೆಂದರೆ 12.7 ಮಿಲಿಮೀಟರು, ಆ ಅಳತೆಯ ನಟ್ಟಿಗೆ 13ರ ಪಾನಾ ಹಾಕಿ ಬಲ ಬಿಟ್ಟರೆ ಅದು ಜಾರಿ ಮೂಲೆಗಳನ್ನು ಸವೆಸುವುದು. ಆದಕಾರಣ ಎರಡೂ ಅಳತೆಯವುಗಳನ್ನು ಬೇರೆ ಬೇರೆ ಚೀಲಗಳಲ್ಲಿಡತಕ್ಕದ್ದು.

ಪ್ರತಿ ಸಾಯಂಕಾಲ ಎರೆಮಣ್ಣನ್ನು ತೊಡೆದು, ಒಣ ಅರಿವೆಯಿಂದ ಒರೆಸಿ, ತೆಳುವಾಗಿ ಎಣ್ಣೆ ಸವರಬೇಕು. ಪಾನಾವನ್ನು ಸುತ್ತಿಗೆಯಂತೆ ಬಳಸಲಾಗದು. ಪ್ರತಿಯೊಂದರ ಮೇಲೆ ಗುರುತು ಕೆತ್ತಿಸಿ, ಪಟ್ಟಿಯನ್ನು ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿ, ಕೆಲಸ ಮುಗಿದೊಡನೆ ಎಣಿಸಬೇಕು. 2019ರ ಆಗಸ್ಟಿನಲ್ಲಿ ಘಟಪ್ರಭೆಯ ನೆರೆಯನ್ನು ಕಂಡವರು ಪೆಟ್ಟಿಗೆಯನ್ನು ಹೊಳೆದಂಡೆಯ ಪಂಪಿನ ಮನೆಯಲ್ಲಿ ಬಿಡಲಾರರು. ನೀರು ಹೊಕ್ಕಿದ್ದಾದರೆ ಶುದ್ಧ ನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಅಂದೇ ಎಣ್ಣೆ ಹಚ್ಚತಕ್ಕದ್ದು.

ಗ್ರಾಮದ ಮುಖಂಡರಲ್ಲಿಯೂ ಜಮೀನುದಾರರಲ್ಲಿಯೂ ನನ್ನ ವಿಜ್ಞಾಪನೆಯಿಷ್ಟೆ: ಮಿಸ್ತ್ರಿಯ ಹತಿಯಾರವನ್ನು ಎರವಲು ಕೇಳಬೇಡಿರಿ, ಕೇಳಲೇಬೇಕಾದರೆ ಅಂದೇ ಮರಳಿಸಿರಿ. ಬೇರಿಂಗ್ ಕೀಳುವ ಪುಲ್ಲರ್, ಭಾರವೆತ್ತುವ ಚೈನುಪುಲಿ ಮುಂತಾದ ಬೆಲೆಬಾಳುವವುಗಳನ್ನು ಹತ್ತು ಮನೆಯವರು ಕೂಡಿ ಕೊಂಡು, ಒಬ್ಬರ ವಶದಲ್ಲಿಟ್ಟು, ವಹಿಯಲ್ಲಿ ರುಜು ಪಡೆದು ಕೊಡುವ ಏರ್ಪಾಡು ಮಾಡಿಕೊಳ್ಳಿರಿ. ಪಂಪು ನಿಂತ ದಿನ ಇದರ ಬೆಲೆ ತಿಳಿಯುವುದು.